ಹುಲ್ಲು ಬೆಳೆದ ಹೊಲವನ್ನು ಸಮಮಾಡುವದು

ಯೆಶಾಯನ ಪ್ರವಾದನೆಯ 28ನೆಯ ಅಧ್ಯಾಯದಲ್ಲಿ ಬೇಸಾಯಗಾರನ ದೃಷ್ಟಾಂತವಿದೆ. ಅವನು ನೆಲವನ್ನು ಉತ್ತು, ಅದರ ಮೇಲ್ಮೈಯನ್ನು ಸಮಮಾಡಿದ ತರುವಾಯವೇ ಜೀರಿಗೆಯನ್ನೂ ಗೋದಿಯನ್ನೂ ಬಿತ್ತುತ್ತಾನೆ. ಈ ಕ್ರಮವನ್ನು ಅವನಿಗೆ ದೇವರೇ ಕಲಿಸಿದನೆಂದು ಪ್ರವಾದಿಯು ಹೇಳುತ್ತಾನೆ.

ಹಲವು ವರುಷ ಬೀಳುಬಿದ್ದು ಗರಿಕೆ ಹಬ್ಬಿದ ಹೊಲವನ್ನು ನಾವೆಲ್ಲರೂ ಬಲ್ಲೆವು. ತಗ್ಗಿನಲ್ಲಿ ನೀರು ನಿಂತು ಬೀಜ ಕೊಳೆಯುವದು. ದಿಬ್ಬದಲ್ಲಿ ಹಸಿ ಸಾಲದೆ ಮೊಳಕೆ ಒಣಗುವದು. ಈಗ ಟ್ರಾಕ್ಟರು ಬಂದಿರುವದರಿಂದ ಹುಲ್ಲಿನ ಮೇಲೆಯೇ ರೋಟವೇಟರ್ ಹೊಡೆಸಿ, ಹಿಂದೆ ಹಲಗೆ ಎಳೆಸಿದರೆ, ಸಂಜೆಯೊಳಗೆ ಹೊಲವು ಅಂಗಳದಂತೆ ಕಾಣುವದು. ಆದರೆ ಗರಿಕೆಯ ಬೇರು ತುಂಡಾದಷ್ಟೂ ಗೆಣ್ಣುಗೆಣ್ಣಿನಲ್ಲಿ ಚಿಗುರುವದು; ಮೊದಲ ಮಳೆಗೆ ಒಂದಿದ್ದಲ್ಲಿ ಹತ್ತಾಗಿ ಏಳುವದು. ಬಲ್ಲವರು ಬೇಸಿಗೆಯಲ್ಲಿಯೇ ಪಲ್ಟಿ ನೇಗಿಲಿನಿಂದ ಆಳವಾಗಿ ಉಳಿಸಿ, ಬೇರನ್ನು ವಾರಗಟ್ಟಲೆ ಬಿಸಿಲಿಗೆ ಒಣಗಿಸಿ, ಕುಂಟೆಯಿಂದ ಕೂಡಿಸಿ ಹೊರಗೆ ಹಾಕಿ, ಕಡೆಗೆ ಹಲಗೆಯಿಂದ ದಿಬ್ಬದ ಮಣ್ಣನ್ನು ತಗ್ಗಿಗೆ ಎಳೆಸುತ್ತಾರೆ. ಬಾಡಿಗೆ ಹೆಚ್ಚಾಗುವದೆಂದು ಗೊಣಗುವವರುಂಟು, ಅದು ಸುಳ್ಳಲ್ಲ.

ಸಹೋದರರೇ, ನಮ್ಮ ಸಭೆಗಳ ನೆಲ ಹೇಗಿದೆ? ರಾತ್ರಿಭೋಜನಕ್ಕೆ ಒಂದೇ ಮೇಜಿನ ಮುಂದೆ ಬರುತ್ತೇವೆ. ಮೇಲಿನಿಂದ ನೋಡಿದರೆ ಸಮವೇ. ಮಗಳಿಗೆ ಗಂಡು ಹುಡುಕುವಾಗಲೋ, ಅವನ ತಾತನ ಜಾತಿಯನ್ನು ವಿಚಾರಿಸುತ್ತೇವೆ. ಉಪದೇಶಿಗಳಾದ ನಾವೂ ಈ ಬೇರನ್ನು ಕಂಡು, ಮನಸ್ತಾಪವಾದೀತೆಂದು ಅಂಜಿ, ಮೇಲೆ ಹಲಗೆ ಎಳೆದವರೇ. ಬರುವ ರಾತ್ರಿಭೋಜನಕ್ಕೆ ಮುಂಚೆ ನಮ್ಮ ಸಭೆಯ ಮನೆಮನೆಗೆ ಹೋಗಿ ಈ ಮಾತನ್ನು ಎತ್ತಬೇಕೆಂದಿದ್ದೇವೆ. ಮೊದಲು ನಮ್ಮ ಮನೆಯಲ್ಲಿಯೇ ಎತ್ತಿದೆವು. ನಮ್ಮ ತಾಯಿಯವರು ಇನ್ನೂ ಉತ್ತರಕೊಟ್ಟಿಲ್ಲ.