ದಾರವಿಲ್ಲದ ಆಕಾಶಬುಟ್ಟಿ

2020ರ ಜನವರಿ 1. ಮಧ್ಯರಾತ್ರಿ ದಾಟಿ ಹೆಚ್ಚು ಹೊತ್ತಾಗಿರಲಿಲ್ಲ. ಜರ್ಮನಿಯ ಕ್ರೇಫೆಲ್ಡ್ ನಗರದ ಮೃಗಾಲಯದಲ್ಲಿ ವಾನರಗಳನ್ನು ಇರಿಸಿದ್ದ ಮನೆಗೆ ಬೆಂಕಿ ಬಿತ್ತು. ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ, ಅಂಗೈಯಗಲದ ಮಾರ್ಮೊಸೆಟ್ ಕೋತಿಗಳು, ಬಾವಲಿ, ಹಕ್ಕಿಗಳು, ಹೀಗೆ 30ಕ್ಕೂ ಹೆಚ್ಚು ಜೀವಗಳು ಹೋದವು. ಆ ಮನೆಯ ವಾನರಗಳಲ್ಲಿ ಉಳಿದದ್ದು ಎರಡು ಚಿಂಪಾಂಜಿಗಳು, ಬಾಲಿ ಮತ್ತು ಲಿಂಬೊ.

ಬೆಂಕಿ ಬಂದದ್ದು ಆಕಾಶದಿಂದ. ಹೊಸ ವರ್ಷಕ್ಕೆಂದು ಯಾರೋ ಹಾರಿಬಿಟ್ಟ ಕಾಗದದ ದೀಪವೊಂದು ಚಾವಣಿಯ ಮೇಲೆ ಇಳಿದಿತ್ತು. ನಮ್ಮ ಕಡೆ ದೀಪಾವಳಿಗೆ ಬಾಗಿಲ ಮುಂದೆ ಆಕಾಶಬುಟ್ಟಿ ಕಟ್ಟುತ್ತೇವಲ್ಲ, ಅದರ ಹೆಸರಿನಲ್ಲಷ್ಟೇ ಆಕಾಶ, ದಾರ ನಮ್ಮ ಕೈಯಲ್ಲೇ ಇರುತ್ತದೆ. ಈ ದೀಪಕ್ಕೆ ದಾರವಿಲ್ಲ. ಬಿಟ್ಟ ಮೇಲೆ ಅದು ಗಾಳಿಯದು.

ಅದೇ ದಿನ ಒಬ್ಬ ತಾಯಿ ಮತ್ತು ಆಕೆಯ ಇಬ್ಬರು ವಯಸ್ಕ ಹೆಣ್ಣುಮಕ್ಕಳು ತಾವಾಗಿ ಪೊಲೀಸರ ಬಳಿ ಹೋದರು. ಐದು ದೀಪಗಳನ್ನು ಇಂಟರ್‌ನೆಟ್‌ನಲ್ಲಿ ತರಿಸಿ ಹಾರಿಸಿದವರು ನಾವೇ ಎಂದರು. ಆ ರಾಜ್ಯದಲ್ಲಿ ಅಂಥ ದೀಪ ಹಾರಿಸುವುದಕ್ಕೆ 2009ರಿಂದಲೇ ನಿಷೇಧವಿತ್ತು. ತಮಗೆ ಅದು ಗೊತ್ತಿರಲಿಲ್ಲ ಎಂದರು. ಮುಂದೆ ಅಜಾಗರೂಕತೆಯಿಂದ ಬೆಂಕಿಗೆ ಕಾರಣರಾದರೆಂದು ಅವರಿಗೆ ದಂಡ ಬಿತ್ತು. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು.

ನೀತಿಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅಲ್ಲಿಗೆ ಮುಗಿಯುವುದಿಲ್ಲ. ಆ ರಾತ್ರಿ ಹಾರಿದ ಐದರಲ್ಲಿ ಉಳಿದ ದೀಪಗಳು ಯಾವ ಅನಾಹುತವನ್ನೂ ಮಾಡಲಿಲ್ಲ. ಅದೇ ಕೈ, ಅದೇ ಹರಕೆ, ಅದೇ ಅಜ್ಞಾನ. ಒಂದಕ್ಕೆ ಗಾಳಿ ಬೇರೆ ದಿಕ್ಕು ತೋರಿಸಿತು. ಹಾಗಾದರೆ ಅವರ ತಪ್ಪಿನ ತೂಕವನ್ನು ಗಾಳಿ ನಿರ್ಧರಿಸಬೇಕೇ?

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ಇಬ್ಬರು ತತ್ವಜ್ಞಾನಿಗಳು ಈ ತೊಡಕಿಗೆ 'ನೈತಿಕ ಅದೃಷ್ಟ' ಎಂದು ಹೆಸರಿಟ್ಟು ಚರ್ಚಿಸಿದರು. ವಿಲಿಯಮ್ಸ್ ಕೊಡುವ ಉದಾಹರಣೆ ಒಬ್ಬ ಲಾರಿ ಚಾಲಕನದು. ತನ್ನ ಕಡೆಯಿಂದ ಏನೂ ತಪ್ಪಿಲ್ಲದಿದ್ದರೂ ಅವನ ಲಾರಿಗೆ ಮಗುವೊಂದು ಸಿಕ್ಕಿ ಸತ್ತಿದೆ. ದಾರಿಹೋಕರಿಗಾಗುವ ಸಂಕಟವೇ ಬೇರೆ, ಅವನಿಗಾಗುವುದೇ ಬೇರೆ. ನಾನು ಕೋಣೆ ಹಿಡಿದಿರುವುದು ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ (ಶಿಲಾಬಾಲಿಕೆಯರ ಬೇಲೂರಲ್ಲ, ಇಲ್ಲಿರುವುದು ಶೆಡ್ಡು ಮತ್ತು ಲಾರಿ). ಹೆದ್ದಾರಿ ಹತ್ತಿರವೇ ಇರುವುದರಿಂದ ಈ ಉದಾಹರಣೆಯನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಕೋಣೆಯ ಫಿಟರ್ ಅಣ್ಣನಿಗೆ ಹೇಳಿದಾಗ ಅವರು ತಡಮಾಡದೆ ಅಂದರು: "ಅಂವಾ ಮಾಡಿಲ್ಲ ಖರೆ. ಆದ್ರ ಅವನ ಕೈಲೆ ಆಗೇತಲ್ರೀ."

ವಿಲಿಯಮ್ಸ್ ಪುಟಗಟ್ಟಲೆ ಬಿಡಿಸಿದ್ದನ್ನು ನಮ್ಮ ವ್ಯಾಕರಣ ಮೊದಲೇ ಬೇರೆಮಾಡಿ ಇಟ್ಟಿದೆ. 'ನಾನು ಮಾಡಿದೆ' ಒಂದು, 'ನನ್ನ ಕೈಯಿಂದ ಆಯಿತು' ಇನ್ನೊಂದು. ಎರಡನೆಯದು ತಪ್ಪೊಪ್ಪಿಗೆಯಲ್ಲ, ನುಣುಚಿಕೊಳ್ಳುವುದೂ ಅಲ್ಲ. ಆ ಮೂವರು ಹೆಣ್ಣುಮಕ್ಕಳು ಠಾಣೆಗೆ ಹೊತ್ತೊಯ್ದದ್ದು ಈ ವಾಕ್ಯವನ್ನೇ ಎಂದು ನನ್ನ ಓದು.

ಇದಕ್ಕೆ ಪೂರಾ ಉಲ್ಟಾ ಇರುವ ಪ್ರಕರಣ ಕನ್ನಡದಲ್ಲೇ ಇದೆ. ಜನ್ನನ 'ಯಶೋಧರ ಚರಿತೆ'ಯಲ್ಲಿ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಯಶೋಧರ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ನಿಜವಾದ ಕೋಳಿಯ ರಕ್ತ ಒಂದು ಹನಿಯೂ ಬೀಳುವುದಿಲ್ಲ. ಆದರೂ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮ ಜನ್ಮ ಸುತ್ತಬೇಕಾಗುತ್ತದೆ, ಏಕೆಂದರೆ ಕೊಲ್ಲುವ ಸಂಕಲ್ಪವಿತ್ತು. ಅಲ್ಲಿ ಸಂಕಲ್ಪವಿದೆ, ಸಾವಿಲ್ಲ. ಕ್ರೇಫೆಲ್ಡ್‌ನಲ್ಲಿ ಸಾವಿದೆ, ಸಂಕಲ್ಪವಿಲ್ಲ. ಜನ್ನನ ತಕ್ಕಡಿಯಲ್ಲಿಟ್ಟರೆ ಆ ತಾಯಿ ಮಕ್ಕಳು ಹಗುರಾಗಿಯೇ ತೂಗುತ್ತಾರೆ. ಜೈನ ವಿಚಾರದಲ್ಲಿ ಪ್ರಮಾದ, ಅಂದರೆ ಎಚ್ಚರಗೇಡಿತನ, ಕೂಡ ಹಿಂಸೆಯ ಬೇರೇ. ಆದರೆ ಎಚ್ಚರ ತಪ್ಪಿದವರು ಅವರು ಮೂವರೇ ಏನು?

ಆ ಮನೆ 1975ರಷ್ಟು ಹಳೆಯದು. ಚಾವಣಿಯಲ್ಲಿ ಅಕ್ರಿಲಿಕ್ ಹಾಳೆಗಳಿದ್ದವು. ಹೊಗೆ ಕಂಡರೆ ಕೂಗುವ ಯಂತ್ರವಾಗಲಿ, ತಾನಾಗಿ ನೀರು ಚಿಮ್ಮುವ ವ್ಯವಸ್ಥೆಯಾಗಲಿ ಇರಲಿಲ್ಲ. ಹಳೆಯ ಕಟ್ಟಡವಾದ್ದರಿಂದ ಕಾನೂನು ಅದನ್ನು ಕೇಳಿರಲೂ ಇಲ್ಲ. ಎಲ್ಲವೂ ನಿಯಮದೊಳಗೇ ಇತ್ತು. ನನಗೆ ದೀಪಕ್ಕಿಂತ ಹೆಚ್ಚು ಕಾಡುವುದು ಇದು. ಕಾಡಿನ ಒರಾಂಗುಟಾನ್ ಬೆಂಕಿ ಕಂಡರೆ ಮರದಿಂದ ಮರಕ್ಕೆ ಹೋದೀತು, ತಪ್ಪಿಸಿಕೊಂಡರೂ ಕೊಂಡೀತು. ಬೀಗ ಹಾಕಿದ ಮನೆಯಲ್ಲಿ ಆ ದಾರಿಯನ್ನು ಮನುಷ್ಯ ಕಿತ್ತುಕೊಂಡಿದ್ದಾನೆ, ಅದೂ ಅದರ ರಕ್ಷಣೆಯ ಹೆಸರಿನಲ್ಲಿ. ಇನ್ನೊಂದು ಜೀವದ ಓಡುವ ಶಕ್ತಿಯನ್ನು ತೆಗೆದುಕೊಂಡವರು ಅದರ ಬದಲಿಗೆ ತಾವು ಓಡಬೇಕು, ತಾವು ಮೂಸಬೇಕು, ತಾವು ಎಚ್ಚರವಿರಬೇಕು. ಕಾನೂನು ಕೇಳದಿದ್ದರೂ ಈ ಸಾಲ ಇರುತ್ತದೆ. ದೀಪ ಬಿಟ್ಟವರಿಗೆ ಗೊರಿಲ್ಲಾಗಳ ಜೊತೆ ಯಾವ ಕರಾರೂ ಇರಲಿಲ್ಲ. ಕೀಲಿಕೈ ಇಟ್ಟುಕೊಂಡವರಿಗೆ ಇತ್ತು. ಪ್ರಾಣಿಗಳನ್ನು ಪ್ರೀತಿಯಿಂದ ನೋಡಿಕೊಂಡು, ಆ ಬೆಳಿಗ್ಗೆ ಎಲ್ಲವನ್ನೂ ಕಳೆದುಕೊಂಡ ಪಾಲಕರನ್ನು ಕುರಿತು ಈ ಮಾತು ಹೇಳುತ್ತಿಲ್ಲ. ಕಟ್ಟಡ, ಹಣ, ಪರವಾನಗಿ ಯಾರ ಕೈಯಲ್ಲಿತ್ತೋ ಅವರ ಬಗ್ಗೆ ಹೇಳುತ್ತಿದ್ದೇನೆ. ಅಂಥ ಕಡೆ ಕೈಗಳು ಬಹಳ. ಹಾಗಾಗಿ 'ನನ್ನ ಕೈಯಿಂದ ಆಯಿತು' ಎನ್ನಲು ಯಾವ ಕೈಯೂ ಮುಂದೆ ಬರುವುದಿಲ್ಲ.

ಇಷ್ಟು ದೂರದ ಬೆಂಕಿಯ ಬಗ್ಗೆ ಇಲ್ಲಿ ಕೂತು ಬರೆಯಲು ಕಾರಣವಿದೆ. 2022ರ ಜುಲೈನಲ್ಲಿ ನಮ್ಮದೇ ಅವಳಿ ನಗರದ ತಾರಿಹಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು ಕೆಲಸಗಾರರು ಸತ್ತರು. ಅಲ್ಲಿ ತಯಾರಾಗುತ್ತಿದ್ದದ್ದು ಹುಟ್ಟುಹಬ್ಬದ ಕೇಕಿನ ಮೇಲೆ ಹಚ್ಚುವ, ಕಿಡಿ ಚಿಮ್ಮುವ ಮೇಣದಬತ್ತಿ. ಅದೂ ಒಂದು ಹರಕೆಯ ದೀಪವೇ. ಬತ್ತಿ ಕೊಂಡ ಯಾವ ತಾಯಿಯೂ ಅಪರಾಧಿಯಲ್ಲ. ಮನುಷ್ಯರು ಗೊರಿಲ್ಲಾಗಳಲ್ಲ, ಪಂಜರದಲ್ಲಿ ಇಲ್ಲ ಎನ್ನಬಹುದು. ಆದರೆ ಪಾಳಿ ಮುಗಿಯುವ ತನಕ ಶೆಡ್ಡು ಬಿಟ್ಟು ಹೊರಗೆ ಬರುವಷ್ಟು ಸ್ವತಂತ್ರರು ಇಲ್ಲಿ ಎಷ್ಟು ಮಂದಿ ಇದ್ದಾರೆ?

ಫಿಟರ್ ಅಣ್ಣನನ್ನು ಮೊನ್ನೆ ಕೇಳಿದೆ, ನಿಮ್ಮ ಶೆಡ್ಡಿಗೆ ಹಿಂದೊಂದು ಬಾಗಿಲು ಇದೆಯಾ ಎಂದು.

"ಐತ್ರೀ. ಮಾಲು ಕಳವು ಆಗ್ತೈತಂತ ಕೀಲಿ ಹಾಕಿರ್ತಾರ."

"ಕೀಲಿಕೈ ಯಾರ ಹತ್ರ ಇರುತ್ತೆ?"

"ಸೂಪರ್‌ವೈಸರ್ ಹತ್ರ ಇರಬೇಕ್ರೀ," ಅಂದರು. ರಾತ್ರಿ ಪಾಳಿಗೆ ಸೂಪರ್‌ವೈಸರ್ ಬರುವುದಿಲ್ಲವಂತೆ.