ಕಾವಲುಗಾರನ ಕಣ್ಣಿಗೂ ಒಂದು ಮಿತಿ ಬೇಡವೇ?

ನಾನು ಉರ್ದು ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ನಮ್ಮ ಮೊಹಲ್ಲಾಗೆ ಒಬ್ಬ ಪೋಸ್ಟ್‌ಮ್ಯಾನ್ ಬರುತ್ತಿದ್ದರು. ಸೌದಿ, ದುಬೈಗಳಿಂದ ಬರುವ ಕಾಗದಕ್ಕಾಗಿ ಹೆಂಗಸರು ಬಾಗಿಲ ಪರದೆಯ ಹಿಂದೆ ಕಾಯುತ್ತಿದ್ದರು. ಆ ಮನುಷ್ಯ ಯಾರ ಲಕೋಟೆಯನ್ನೂ ಒಡೆದವರಲ್ಲ. ಆದರೂ ಅವರಿಗೆ ಎಲ್ಲ ಗೊತ್ತಿತ್ತು. ಯಾರ ಮನೆಗೆ ತಿಂಗಳಿಗೆ ಎರಡು ಕಾಗದ ಬರುತ್ತದೆ, ಯಾರ ಮನೆಗೆ ಡ್ರಾಫ್ಟ್ ಬರುವುದು ನಿಂತಿದೆ, ಯಾರಿಗೆ ಕೋರ್ಟಿನ ನೋಟಿಸು ಬಂದಿದೆ ಎಂಬುದೆಲ್ಲ ವಿಳಾಸ ಮತ್ತು ಮೊಹರಿನಿಂದಲೇ ತಿಳಿಯುತ್ತಿತ್ತು. ತಿಳಿದದ್ದನ್ನು ಅವರು ಎಂದೂ ಇನ್ನೊಬ್ಬರ ಜಗುಲಿಯಲ್ಲಿ ಕೂತು ಆಡಲಿಲ್ಲ. ಅದೆಷ್ಟು ದೊಡ್ಡ ಗುಣವೆಂದು ನನಗೆ ಅರ್ಥವಾದದ್ದು ಇತ್ತೀಚೆಗೆ, ನನ್ನ ಅಕ್ಕನ ಮಗನಿಂದ.

ಅವನು ಬೆಂಗಳೂರಿನ ಒಂದು ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಈದ್‌ಗೆ ಊರಿಗೆ ಬಂದವನು ರಾತ್ರಿ ಊಟವಾದ ಮೇಲೆ ನನ್ನ ಪಕ್ಕ ಬಂದು ಕೂತ. "ಮಾಮೂ, ನೀವು ಕಥೆ ಬರೆಯುವವರು, ನಾಲ್ಕು ಜನರನ್ನು ಕಂಡವರು. ನಾನು ಮಾಡಿದ್ದು ಗುನಾಹ್ ಆಯಿತೇ ಹೇಳಿ" ಎಂದ.

ನಡೆದದ್ದು ಇಷ್ಟು. ಒಂದು ವಾರ ಆಫೀಸಿನ ಇಂಟರ್‌ನೆಟ್ ಬಹಳ ನಿಧಾನವಾಗಿತ್ತು. ಕಾರಣ ಹುಡುಕಲು ಇವನಿಗೆ ಹೇಳಿದರು. ರಾತ್ರಿ ಆಗಬೇಕಿದ್ದ ಬ್ಯಾಕಪ್ ಯಾವುದೋ ತಪ್ಪಿನಿಂದ ನಡುಹಗಲು ಓಡುತ್ತಿತ್ತು. ಅದನ್ನು ಸರಿಪಡಿಸಿದ. ಆದರೆ ಹುಡುಕುವಾಗ ಬೇರೆ ಸಂಗತಿಗಳೂ ಕಣ್ಣಿಗೆ ಬಿದ್ದವು. ಯಾರ ಯಂತ್ರ ದಿನವೂ ಆಸ್ಪತ್ರೆಯೊಂದರ ತಾಣಕ್ಕೆ ಹೋಗುತ್ತಿದೆ, ಯಾರದು ಕೆಲಸ ಹುಡುಕುವ ತಾಣಗಳಿಗೆ ಹೋಗುತ್ತಿದೆ ಎಂದು. ಕೆಲವು ದಿನಗಳ ಮೇಲೆ ಮೇಲಧಿಕಾರಿ ಕರೆದು, "ಬಿಟ್ಟುಹೋಗುವ ಯೋಚನೆಯಲ್ಲಿ ಯಾರ‍್ಯಾರಿದ್ದಾರೆ, ಲಾಗ್ ನೋಡಿ ಪಟ್ಟಿ ಕೊಡು" ಎಂದರು. ಇವನು ಕೊಟ್ಟ. ಪಟ್ಟಿಯಲ್ಲಿದ್ದ ಒಬ್ಬನನ್ನು ಒಳ್ಳೆಯ ಪ್ರಾಜೆಕ್ಟಿನಿಂದ ತೆಗೆದುಹಾಕಿದರು. ಅವನ ತಾಯಿಗೆ ಡಯಾಲಿಸಿಸ್ ನಡೆಯುತ್ತಿತ್ತು, ಊರಿನ ಹತ್ತಿರ ಏನಾದರೂ ಕೆಲಸ ಸಿಕ್ಕೀತೇ ಎಂದು ನೋಡುತ್ತಿದ್ದ ಎಂಬುದು ಇವನಿಗೆ ಗೊತ್ತಾದದ್ದು ಆಮೇಲೆ. ಆಸ್ಪತ್ರೆಯ ತಾಣಕ್ಕೆ ಹೋಗುತ್ತಿದ್ದವನೂ ಅವನೇ.

ನೆಟ್‌ವರ್ಕ್‌ನಲ್ಲಿ ಎಲ್ಲವೂ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹರಿಯುತ್ತದಂತೆ. ಪ್ರತಿಯೊಂದಕ್ಕೂ ಲಕೋಟೆಯಂತೆ ಹೊರಗೆ ವಿಳಾಸ, ಒಳಗೆ ವಿಷಯ. ವೈರ್‌ಶಾರ್ಕ್ ಎಂಬ ತಂತ್ರಾಂಶದಿಂದ ಪ್ಯಾಕೆಟ್ ಪ್ಯಾಕೆಟನ್ನೇ ಬಿಡಿಸಿ ನೋಡಬಹುದು. 1998ರಲ್ಲಿ ಈಥೀರಿಯಲ್ ಎಂಬ ಹೆಸರಿನಲ್ಲಿ ಬಂದ ಇದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಈಗ ಹೆಚ್ಚಿನ ತಾಣಗಳು ವಿಷಯವನ್ನು ಗೂಢಲಿಪಿಯಲ್ಲಿ ಕಳಿಸುವುದರಿಂದ ಒಳಗಿನದು ಓದಲು ಸಿಗುವುದಿಲ್ಲ. ಆದರೆ ಯಾವ ಯಂತ್ರದಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ಹೋಯಿತು ಎಂಬುದು ಕಾಣುತ್ತದೆ. ಬಹಳ ಸಲ ತಾಣದ ಹೆಸರೂ ಕಾಣುತ್ತದೆ. ನಮ್ಮ ಪೋಸ್ಟ್‌ಮ್ಯಾನ್‌ಗೆ ಕಾಣುತ್ತಿದ್ದದ್ದೂ ಇಷ್ಟೇ. ವ್ಯತ್ಯಾಸವೆಂದರೆ ಅವರದು ನೆನಪು, ಮಸುಕಾಗುತ್ತಿತ್ತು. ಇದು ದಾಖಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಮನುಷ್ಯ ಎಲ್ಲಿಗೆ ಹೋದನೆಂದು ಹೇಳುವ ಈ ದಾಖಲೆ, ಯಾಕೆ ಹೋದನೆಂದು ಮಾತ್ರ ಹೇಳುವುದಿಲ್ಲ.

ಹಾಗಾದರೆ ಕಾವಲೇ ಬೇಡವೇ? ಹಾಗೆ ಹೇಳುವಂತಿಲ್ಲ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿಗೆ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಬಂತು. ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಕಂಡಿತು. ಆ ಚಿಲ್ಲರೆಯ ಬೆನ್ನು ಹತ್ತಿದಾಗ ಸಿಕ್ಕಿದವನು ಜರ್ಮನಿಯ ಹ್ಯಾನೋವರ್‌ನಲ್ಲಿ ಕೂತು ಅಮೆರಿಕದ ಸೇನೆಯ ಕಂಪ್ಯೂಟರುಗಳಿಗೆ ನುಗ್ಗುತ್ತಿದ್ದ ಕಳ್ಳ. ಕದ್ದದ್ದು ಸೋವಿಯತ್ ಗೂಢಚಾರರಿಗೆ ಮಾರಾಟವಾಗುತ್ತಿತ್ತು. ಸ್ಟೋಲ್ ಮೊದಲು ಹತ್ತಾರು ತಂತಿಗಳಿಗೆ ಪ್ರಿಂಟರ್ ಜೋಡಿಸಿ, ಹಾದುಹೋಗುವುದನ್ನೆಲ್ಲ ಅಚ್ಚು ಹಾಕಿಸಿದರು. ಕಳ್ಳ ಬರುವ ದಾರಿ ತಿಳಿದ ಮೇಲೆ ಆ ದಾರಿಗೆ ಮಾತ್ರ ಕಾವಲು ಇಟ್ಟರು. ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಈ ಕೊನೆಯ ಹೆಜ್ಜೆ. ಕಳ್ಳನನ್ನು ಹುಡುಕಲು ಹೊರಟವನು ಕಳ್ಳನ ಕಡೆಗೇ ತನ್ನ ಕಣ್ಣನ್ನು ಕಿರಿದು ಮಾಡಿಕೊಂಡ.

ಖಲೀಫ ಉಮರ್ ಅವರ ಒಂದು ಪ್ರಸಂಗವನ್ನು ನಮ್ಮಲ್ಲಿ ಹಲವರು ಕೇಳಿರುತ್ತೀರಿ. ಮದೀನಾದಲ್ಲಿ ರಾತ್ರಿ ಗಸ್ತು ತಿರುಗುವಾಗ ಒಂದು ಮನೆಯೊಳಗಿನಿಂದ ಹಾಡಿನ ದನಿ ಕೇಳಿತು. ಗೋಡೆ ಹತ್ತಿ ಇಣುಕಿದರೆ ಒಳಗೆ ಮದ್ಯ. ಗದರಿದರು. ಆ ಮನುಷ್ಯ ಹೆದರದೆ, ನಾನು ಮಾಡಿದ ತಪ್ಪು ಒಂದು, ನೀವು ಮಾಡಿದ್ದು ಮೂರು ಎಂದ. ಗುಟ್ಟು ಹುಡುಕಬೇಡಿರೆಂದು ಅಲ್ಲಾಹನು ಹೇಳಿದ್ದಾನೆ, ನೀವು ಹುಡುಕಿದಿರಿ. ಬಾಗಿಲಿನಿಂದ ಬನ್ನಿರೆಂದಿದ್ದಾನೆ, ಗೋಡೆ ಹತ್ತಿದಿರಿ. ಸಲಾಂ ಹೇಳಿ ಅನುಮತಿ ಕೇಳಿರೆಂದಿದ್ದಾನೆ, ಕೇಳಲಿಲ್ಲ. ಉಮರ್ ತಲೆತಗ್ಗಿಸಿ ಹಿಂತಿರುಗಿದರು. ಗಸ್ತು ತಿರುಗುವುದು ಖಲೀಫರ ಕರ್ತವ್ಯವೇ ಆಗಿತ್ತು. ಆದರೆ ಬೀದಿಯ ಕಾವಲು ಗೋಡೆ ಹತ್ತಿದ ಗಳಿಗೆಯಲ್ಲಿ ತಜಸ್ಸುಸ್ ಆಯಿತು. ಕುರ್‌ಆನಿನ ಹುಜುರಾತ್ ಅಧ್ಯಾಯದ 12ನೇ ವಚನ ಅನುಮಾನ, ಗೂಢಚರ್ಯೆ, ಪರನಿಂದೆ ಈ ಮೂರನ್ನೂ ಒಟ್ಟಿಗೆ ನಿಷೇಧಿಸಿರುವುದು ಸುಮ್ಮನಲ್ಲ. ಒಂದು ಇನ್ನೊಂದನ್ನು ಹೆರುತ್ತದೆ.

"ತಂತಿ ಕಂಪನಿಯದು, ಯಂತ್ರ ಕಂಪನಿಯದು, ನೋಡಿದರೆ ತಪ್ಪೇನು?" ಎಂದು ಕೇಳುವವರಿದ್ದಾರೆ. ಬಾಡಿಗೆ ಮನೆ ಮಾಲೀಕನದೇ. ಆದರೂ ಬಾಡಿಗೆದಾರನ ಕಿಟಕಿಯ ಪರದೆ ಸರಿಸುವ ಹಕ್ಕು ಅವನಿಗಿಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ತೀರ್ಪು ಮುಖ್ಯವಾಗಿ ಸರಕಾರವನ್ನು ಕುರಿತದ್ದು ನಿಜ. ಆದರೆ ಮನುಷ್ಯನ ಮರ್ಯಾದೆ ಆಫೀಸಿನ ಬಾಗಿಲಲ್ಲಿ ಕಳಚಿಡುವ ಚಪ್ಪಲಿಯಲ್ಲ.

ಕಾನೂನೂ ಕಾವಲನ್ನು ಕೇಳುತ್ತದೆ. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ದಾಳಿಯಾದಾಗ ಜಾಡು ಹಿಡಿಯಲು ಅದು ಬೇಕು. ಆದರೆ ಕಳ್ಳನಿಗಾಗಿ ಇಟ್ಟ ದಾಖಲೆಯನ್ನು ಮನೆಯವರ ಮೇಲೆಯೇ ತಿರುಗಿಸಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಯಾವ ಪ್ರಶ್ನೆ ಹಿಡಿದು ನೋಡಲು ಹೋದೆವೋ ಅದರ ಉತ್ತರವನ್ನಷ್ಟೇ ಹೊತ್ತು ತರಬೇಕು. ಹೀಗೆ ನೋಡಲಾಗುತ್ತದೆ ಎಂದು ನೋಡಿಸಿಕೊಳ್ಳುವವರಿಗೆ ಮೊದಲೇ ಗೊತ್ತಿರಬೇಕು. ಅಕಸ್ಮಾತ್ ಕಣ್ಣಿಗೆ ಬಿದ್ದದ್ದು ಅಮಾನತ್, ಅದನ್ನು ಮುಚ್ಚಿಡಬೇಕು. ಅಲ್ಲಾಹನನ್ನು ನಾವು ಸತ್ತಾರ್ ಎಂದು ಕರೆಯುತ್ತೇವೆ. ಎಲ್ಲವನ್ನೂ ಕಾಣುವವನೇ ಎಲ್ಲರ ಕೊರತೆಗಳನ್ನೂ ಮುಚ್ಚುವವನು.

ಅಕ್ಕನ ಮಗನಿಗೆ ನಾನು ಹೇಳಿದೆ: "ನೋಡಿದ್ದು ನಿನ್ನ ಕೆಲಸ, ಬೇಟಾ. ಕೊಟ್ಟದ್ದು ತಪ್ಪು."

"ಕೊಡದಿದ್ದರೆ ನನ್ನ ಕೆಲಸ ಹೋಗುತ್ತಿತ್ತಲ್ಲ ಮಾಮೂ?"

ಹೋಗುತ್ತಿತ್ತೇನೋ. ತಿಂಗಳ ಸಂಬಳವಿಲ್ಲದವರ ಪಾಡು ಬಲ್ಲ ನಾನು ಈ ಮಾತಿಗೆ ಸುಲಭದ ಉತ್ತರ ಕೊಡಲಾರೆ. ಲಿಖಿತ ಆದೇಶ ಕೇಳಬಹುದಿತ್ತು. ಬಾಯಿಮಾತಿನಲ್ಲಿ ಕೇಳುವವರು ಕಾಗದದ ಮೇಲೆ ಸಹಿ ಹಾಕಲು ಹಿಂಜರಿಯುತ್ತಾರೆ. ಆ ಹಿಂಜರಿಕೆಯೇ ಎಷ್ಟೋ ಜನರನ್ನು ಉಳಿಸುತ್ತದೆ. ಆದರೆ ಅದು ಮುಂದಿನ ಸಲದ ಮಾತು. ಆಗಿಹೋದದ್ದಕ್ಕೆ ನಮ್ಮ ದೀನ್‌ನಲ್ಲಿ ಇರುವ ದಾರಿ ಕಷ್ಟದ್ದು. ನಮಾಝ್, ರೋಝಾದಲ್ಲಿ ಆದ ಕೊರತೆಯನ್ನು ಅಲ್ಲಾಹನು ತೌಬಾದಿಂದ ಮನ್ನಿಸಿಯಾನು. ಮನುಷ್ಯನಿಗೆ ಮಾಡಿದ ಅನ್ಯಾಯಕ್ಕೆ, ಹುಕೂಕುಲ್ ಇಬಾದ್‌ಗೆ, ಆ ಮನುಷ್ಯನೇ ಮಾಫಿ ಕೊಡಬೇಕು. ಅವನ ಮುಂದೆ ಹೋಗಿ, ಪಟ್ಟಿಯಲ್ಲಿ ನಿನ್ನ ಹೆಸರು ಬರೆದವನು ನಾನು ಎಂದು ಹೇಳಬೇಕು.

ಅವನು ಬಹಳ ಹೊತ್ತು ಸುಮ್ಮನಿದ್ದ. ಮರುದಿನ ಬೆಂಗಳೂರಿಗೆ ಹೊರಟ. ಆಮೇಲೆ ಎರಡು ಸಲ ಫೋನ್ ಮಾಡಿದಾಗಲೂ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೂರನೆಯ ಸಲ ಅವನೇ ಎತ್ತಿದ: "ಇನ್ನೂ ಹೇಳಿಲ್ಲ ಮಾಮೂ. ದಿನಾ ಕ್ಯಾಂಟೀನಿನಲ್ಲಿ ಎದುರಿಗೆ ಸಿಗುತ್ತಾನೆ. ಅಮ್ಮ ಹೇಗಿದ್ದಾರೆ ಎಂದು ಕೇಳಬೇಕು ಅನ್ನಿಸುತ್ತದೆ. ಆದರೆ ಅವನ ತಾಯಿಯ ಕಾಯಿಲೆ ನನಗೆ ಮೊದಲು ಗೊತ್ತಾದದ್ದು ಹೇಗೆ ಎಂದು ನೆನಪಾಗಿ ಬಾಯಿ ಕಟ್ಟಿಹೋಗುತ್ತದೆ."