ಹೇಳಿದ್ದಕ್ಕೆ ದಂಡ

ಹಳೆಯ ಸಾಮಾನು ಕೊಳ್ಳುವಾಗ ಮಾರುವವನ ಪ್ರಾಮಾಣಿಕತೆಯನ್ನು ತೂಗಿ ನೋಡುತ್ತೇವೆ. ಕೊಳ್ಳುವವರಿಗೂ ಒಂದು ಪ್ರಾಮಾಣಿಕತೆ ಬೇಡವೇ?

ನಾನು ಹುಡುಕುತ್ತಿದ್ದುದು 2005ರಲ್ಲಿ ಬಂದ ಕ್ಯಾನನ್ 5ಡಿ ಕ್ಯಾಮೆರಾ. ಫುಲ್ ಫ್ರೇಮ್ ಎಂದರೆ ಒಳಗೆ ಬೆಳಕು ಹಿಡಿಯುವ ಫಲಕ ಹಳೆಯ ರೀಲಿನ ಒಂದು ಚಿತ್ರದಷ್ಟೇ ದೊಡ್ಡದು. ಸುಮಾರು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ರೀಲಿನ ಕಾಲದ 50 ಮಿ.ಮೀ. ಲೆನ್ಸೊಂದು ನನ್ನ ಬೀರುವಿನಲ್ಲಿತ್ತು. ಚಿಕ್ಕ ಫಲಕದ ಕ್ಯಾಮೆರಾಕ್ಕೆ ಹಾಕಿದರೆ ಅದು ನಡುವಿನ ಭಾಗವನ್ನಷ್ಟೇ ಕೊಡುತ್ತದೆ. ಇದರಲ್ಲಾದರೆ ತುಳಸಿಕಟ್ಟೆಯ ಜೊತೆಗೆ ಅಂಗಳವೂ ಬರುತ್ತದೆ. ವಿಡಿಯೋ ಇಲ್ಲ, ನನಗೆ ಬೇಕಾಗಿಯೂ ಇಲ್ಲ.

ಮಾರುವವರು ಮದುವೆ ಫೋಟೋ ತೆಗೆಯುವವರು. 15,000 ರೂಪಾಯಿ ಹೇಳಿದರು. ನಾನು ಕೇಳುವ ಮೊದಲೇ, “ಮೇಡಂ, ಚಿತ್ರದ ನಂಬರು 9999 ಆದ ಮೇಲೆ ಮತ್ತೆ ಒಂದರಿಂದ ಶುರುವಾಗುತ್ತೆ. ಹಾಗೆ ಎಂಟು ಸಲ ಆಗಿದೆ” ಎಂದರು. ಎಂಬತ್ತು ಸಾವಿರ ಸಲ ರೆಪ್ಪೆ ಬಡಿದ ಕಣ್ಣು! ಈ ಮಾದರಿಯ ಷಟರಿಗೆ ತಯಾರಕರು ಹೇಳಿದ ಬಾಳಿಕೆ ಒಂದು ಲಕ್ಷ. ಸ್ಕೂಟರಿನ ಕಿಲೋಮೀಟರಿನಂತೆ ಇದು ಹೊರಗೆ ಕಾಣುವುದಿಲ್ಲ. ಅವರು ಸುಮ್ಮನಿದ್ದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ನಮ್ಮವರು ಮೆಲ್ಲಗೆ, “ಅವರೇ ಒಪ್ಪಿಕೊಂಡರಲ್ಲ, ಮೂರು ಸಾವಿರ ಇಳಿಸು” ಎಂದರು.

ಸಂತೆಯಲ್ಲಿ “ಇದು ನಿನ್ನೆ ಸೊಪ್ಪು ಅಕ್ಕಾ” ಎಂದವಳನ್ನು ಬಿಟ್ಟು, ನೀರು ಚಿಮುಕಿಸಿ ಹೊಸದೆಂದವಳ ಹತ್ತಿರ ಹೋಗುತ್ತೇವೆ. ಅದಾದರೂ ಹೋಗಲಿ. ಹುಡುಗಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತೆಂದು ಮೊದಲೇ ಹೇಳಿದ ಮನೆಗೆ ಎರಡನೆಯ ಸಲ ಗಂಡಿನ ಕಡೆಯವರು ಬಂದದ್ದನ್ನು ನಾನಂತೂ ಕಂಡಿಲ್ಲ. ಮುಚ್ಚಿಟ್ಟವರ ಮನೆಯಲ್ಲಿ ವಾಲಗ ಊದಿದೆ. ಸುಳ್ಳು ಹೇಳುವುದನ್ನು ಜನಕ್ಕೆ ಕಲಿಸಿದವರು ಯಾರು ಹಾಗಾದರೆ?

ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆಯುತ್ತ ಸ್ಕೆವೊಲಾ ಎಂಬವನನ್ನು ನೆನೆದಿದ್ದಾನೆ. ಆತ ಜಮೀನೊಂದನ್ನು ಕೊಳ್ಳುವಾಗ, ಒಡೆಯ ಹೇಳಿದ ಬೆಲೆ ತನ್ನ ಅಂದಾಜಿಗಿಂತ ಕಡಿಮೆಯಾಯಿತೆಂದು 1,00,000 ಸೆಸ್ಟರ್ಸ್ ನಾಣ್ಯ ಸೇರಿಸಿ ಕೊಟ್ಟನಂತೆ. ಒಳ್ಳೆಯವನ ಕೆಲಸವೆಂದು ಎಲ್ಲರೂ ಒಪ್ಪಿದರು. ಜಾಣನ ಕೆಲಸವಲ್ಲ ಎಂದೂ ಅಂದರು. ನಮ್ಮವರು ಅಲ್ಲಿದ್ದರೂ ಅದನ್ನೇ ಅನ್ನುತ್ತಿದ್ದರು.

ಸ್ಕೆವೊಲಾನಷ್ಟು ಎತ್ತರಕ್ಕೆ ಏರುವ ಶಕ್ತಿ ನನ್ನ ಕೈಚೀಲಕ್ಕಿಲ್ಲ. ಸವೆದ ವಸ್ತುವಿಗೆ ಬೆಲೆ ಇಳಿಯುವುದೂ ನ್ಯಾಯವೇ. ಹಾಗಾಗಿ ಒಂದೇ ಪ್ರಶ್ನೆ ಕೇಳಿದೆ: “ಆ ಎಂಟು ಸಲದ ಸವೆತ ಈ ಬೆಲೆಯಲ್ಲಿ ಸೇರಿದೆಯೋ?”

“ಸೇರಿಸಿಯೇ ಹೇಳಿದ್ದು ಮೇಡಂ.”

ಒಮ್ಮೆ ಕಳೆದದ್ದನ್ನು ಮತ್ತೆ ಕಳೆದರೆ ಅದು ಸವೆತಕ್ಕಲ್ಲ, ಬಾಯಿಬಿಟ್ಟದ್ದಕ್ಕೆ ಹಾಕಿದ ದಂಡ. 15,000 ಎಣಿಸಿ ಕೊಟ್ಟೆ.

ನಾನು ತೆಗೆದ ಮೊದಲ ಚಿತ್ರದ ನಂಬರು 3127. ಅದರಲ್ಲಿ ನಮ್ಮವರು ಜಗಲಿಯ ಮೇಲೆ ಕುಳಿತಿದ್ದಾರೆ. ಮುಖದಲ್ಲಿ ಆ ಮೂರು ಸಾವಿರದ ಚಿಂತೆ ಸ್ಪಷ್ಟವಾಗಿ ಬಂದಿದೆ.